ನಲವತ್ತು ಮೃಗಗಳ ಫ್ರೆಂಚ್ ಪಾಠ

ಮೊನ್ನೆ ಸ್ಟೋರ್ ಗುಡಿಸುವಾಗ ಮೂಟೆಗಳ ಹಿಂದೆ ಸಿಕ್ಕಿತೆಂದು ತೋಟದ ಲೆಕ್ಕದಿಂದ ಕಸದವರೆಗೆ ಎಲ್ಲ ನೋಡಿಕೊಳ್ಳುವ ನಮ್ಮ ರೈಟರ್ ರುದ್ರಪ್ಪ ಒಂದು ನೋಟ್‌ಬುಕ್ ತಂದುಕೊಟ್ಟ. ಕಾಳುಮೆಣಸಿನ ಘಾಟಿಗೆ ಎರಡು ಸಲ ಸೀನಿ ತೆರೆದರೆ ನನ್ನದೇ ಅಕ್ಷರ. ಕಾಡುಹಂದಿಗೆ ಸಾಂಗ್ಲಿಯೇ, ಸಿಂಹಕ್ಕೆ ಲಿಯೋಂ. ಮರೆತೆನೆಂದುಕೊಂಡಿದ್ದ ನಾಚಿಕೆಯೆಲ್ಲ ಎದುರಿಗೆ ಬಂದು ಕೂತಿತು.

ಆರೇಳು ವರ್ಷದ ಕೆಳಗೆ, ಮಾರನಹಳ್ಳಿ ಹತ್ತಿರದ ನಮ್ಮ ಪುಟ್ಟ ಎಸ್ಟೇಟಿನ ಹೋಂಸ್ಟೇಗೆ ಫ್ರಾನ್ಸಿನಿಂದ ಒಬ್ಬ ಹಿರಿಯ ಹೆಂಗಸು ಬರುವವರಿದ್ದರು. ಕಡುಬು, ಕಾಫಿ ಕೊಟ್ಟು ಸುಮ್ಮನಿದ್ದರೆ ಆಗುತ್ತಿತ್ತು. ನನಗೋ ಅವರ ಭಾಷೆಯಲ್ಲೇ ಕಾಡುಪ್ರಾಣಿಗಳ ಹೆಸರು ಹೇಳಿ ಭೇಷ್ ಅನ್ನಿಸಿಕೊಳ್ಳುವ ಚಪಲ. ಮೊಬೈಲ್ ನೋಡಿಕೊಂಡು ನಲವತ್ತು ಹೆಸರು ಬರೆದುಕೊಂಡೆ. ಅದರಲ್ಲಿ ಮೂವತ್ತು ನಮ್ಮ ಘಾಟಿಯ ಮುಖವನ್ನೇ ಕಾಣದವು. ಗಡ್ಡ ಹೆರೆಯುತ್ತ ಸಾಂಗ್ಲಿಯೇ ಸಾಂಗ್ಲಿಯೇ ಎಂದು ಎರಡು ಸಲ ಗಲ್ಲ ಕೊಯ್ದುಕೊಂಡೆ. ಹಂದಿ ತಿವಿದಿದ್ದರೂ ಇಷ್ಟು ಗಾಯ ಆಗುತ್ತಿರಲಿಲ್ಲ ಎಂದಳು ನನ್ನ ಹೆಂಡತಿ.

ಒಂದು ಹೆಸರನ್ನು ಮಾತ್ರ ಬರೆದುಕೊಂಡರೂ ಬಾಯಿಪಾಠ ಮಾಡಲಿಲ್ಲ. ನಿಮಗೂ ಗೊತ್ತಿರಬಹುದು, ತೋಟದಲ್ಲಿ ನಾವು ಆನೆಯ ಹೆಸರು ಎತ್ತುವುದಿಲ್ಲ. ಎತ್ತಿದರೆ ಬಂದೇ ಬರುತ್ತದೆ ಅಂತ ಹಿರಿಯರ ಮಾತು. 'ದೊಡ್ಡೋರು' ಅನ್ನುತ್ತೇವೆ, ಅಷ್ಟೆ. ಫ್ರೆಂಚಿನಲ್ಲಿ ಕರೆದರೂ ಅದಕ್ಕೆ ತಿಳಿದುಬಿಟ್ಟರೆ? ಬಿ.ಎಸ್ಸಿ. ಓದಿದವನ ಬುದ್ಧಿ ಇದು.

ಆಕೆ ಬಂದ ಮೂರನೇ ಬೆಳಗ್ಗೆ ತೋಟ ತೋರಿಸಲು ಹೊರಟೆವು. ಕೆರೆಯ ತಿರುವಿನಲ್ಲಿ ಬಿಸಿ ಲದ್ದಿ ಬಿದ್ದಿತ್ತು. "ದೊಡ್ಡೋರು ಇಲ್ಲೇ ಅವ್ರೆ," ಅಂತ ರುದ್ರಪ್ಪ ನನ್ನ ಬೆನ್ನ ಹಿಂದೆ ಪಿಸುಗುಟ್ಟಿದ. ಸಿಲ್ವರ್ ಮರಗಳ ಆಚೆ ಒಂದು ಕಿವಿ ಅಲ್ಲಾಡಿತು. ಆಕೆಯೋ ಕ್ಯಾಮೆರಾದಲ್ಲಿ ಯಾವುದೋ ಹಕ್ಕಿ ಹಿಡಿಯುತ್ತ ಅತ್ತಲೇ ನಡೆದಿದ್ದರು. ಕೂಗಿ ನಿಲ್ಲಿಸಬೇಕಾದವನು ನಾನು. ಬಾಯಿಪಾಠ ಮಾಡಿದ್ದ ಮೂವತ್ತೊಂಬತ್ತು ಹೆಸರೂ ತಲೆಯಲ್ಲಿ ನುಗ್ಗಾಡಿ, ಕೊನೆಗೆ ಬಾಯಿಂದ ಬಿದ್ದದ್ದು ಜಿರಾಫ್.

ಆಕೆ ನಕ್ಕರು. ನಕ್ಕು ಇನ್ನೂ ಎರಡು ಹೆಜ್ಜೆ ಮುಂದಿಟ್ಟರು. 'ಸ್ಟಾಪ್' ಅಂದಿದ್ದರೂ ಸಾಕಿತ್ತು, ಅದೂ ಹೊಳೆಯಲಿಲ್ಲ. ಅಷ್ಟರಲ್ಲಿ ರುದ್ರಪ್ಪ ನನ್ನನ್ನು ದಾಟಿ ಹೋಗಿ, ಆಕೆಯ ಕೈ ಹಿಡಿದು ತುಟಿ ಬಿಚ್ಚದೆ ಎಳೆದುಕೊಂಡು ಬಂದ. ಮೂವರೂ ಓಡಿ ಮನೆ ಸೇರಿದೆವು.

ಸಂಜೆ ಲೈನುಮನೆಗಳ ಆಳುಗಳು ವಿಚಾರಿಸಿದಾಗ, ಗೌಡ್ರು ಫ್ರೆಂಚಿನಲ್ಲಿ ಕೂಗಿದ್ದಕ್ಕೇ ಆ ಅಮ್ಮ ಉಳಿದುಕೊಂಡರು ಎಂದುಬಿಟ್ಟ ರುದ್ರಪ್ಪ. ನಾನು ತಿದ್ದಲಿಲ್ಲ. ಊರಲ್ಲಿ ನನಗೆ ಫ್ರೆಂಚ್ ಗೌಡನೆಂದು ಹೆಸರಾಯಿತು. ಆ ಹೆಸರನ್ನು ಇಷ್ಟು ವರ್ಷ ಹಾಯಾಗಿ ಹೊದ್ದುಕೊಂಡಿದ್ದೆ.

ಮೊನ್ನೆ ನೋಟ್‌ಬುಕ್ ನೋಡಿದ ಮೇಲೆ ಮಾತ್ರ ತಡೆಯಲಾಗಲಿಲ್ಲ. ಆಕೆಯನ್ನು ಉಳಿಸಿದವನು ನೀನು, ಹೊಗಳಿಸಿಕೊಂಡವನು ನಾನು, ಇವತ್ತೇ ಲೈನಿಗೆ ಹೋಗಿ ಎಲ್ಲರೆದುರು ನಿಜ ಹೇಳುತ್ತೇನೆ ಎಂದೆ. ರುದ್ರಪ್ಪ ಪೊರಕೆ ಕೆಳಗಿಟ್ಟ.

"ಹೇಳೋದಾದ್ರೆ ನಂದೂ ಹೇಳ್ಬುಡಿ ಗೌಡ್ರೆ. ನಂಗೂ ಹೆದ್ರಿ ಮಾತೇ ಬರ್ಲಿಲ್ಲ, ಅದ್ಕೇ ಕೈ ಹಿಡ್ದಿದ್ದು. ನೀವಾದ್ರೂ ಏನೋ ಒಂದು ಕೂಗಿದ್ರಿ."