ಉಣ್ಣೆಯ ಎಳೆ ಹಿಡಿದು ಕಡಲಿಗೆ

ಬೆಳಗಿನ ಐದೂಕಾಲು. ಹರಪನಹಳ್ಳಿ ಬಸ್ ನಿಲ್ದಾಣದ ಎದುರು ನಿಂತ ಮಿನಿಬಸ್ಸಿನ ಬದಿಗನ್ನಡಿಗೆ ಚಾಲಕ ದೊಡ್ಡಬೀರಪ್ಪ ಗೇಣುದ್ದದ ಕುರಿ ಉಣ್ಣೆಯ ಎಳೆಯೊಂದನ್ನು ಕಟ್ಟುತ್ತಿದ್ದಾರೆ. ಎರಡು ಬೆರಳಲ್ಲಿ ಹೊಸೆದು ನೋಡಿ, "ಗರಿಗರಿ ಐತಿ, ಏರ್ರಿ ಏರ್ರಿ" ಎಂದು ಕೂಗುತ್ತಾರೆ. ಏಳು ಮಕ್ಕಳು ಸೇರಿ ಬಾಗಳಿ ಹಳ್ಳಿಯ ಇಪ್ಪತ್ತೆರಡು ಮಂದಿ ನುಗ್ಗುತ್ತಾರೆ. ಅವರ ಹಿಂದೆ ನಾನೂ ಏರುತ್ತೇನೆ. ಕುಮಟಾ ಬದಿಯ ಕಡಲತೀರಕ್ಕೆ ಆರೂವರೆ ಗಂಟೆಯ ದಾರಿ.

ಇವತ್ತು ಮೇ ಇಪ್ಪತ್ತಾರು. ಇನ್ನೊಂದು ವಾರದಲ್ಲಿ ಮುಂಗಾರು ಕರಾವಳಿ ಮುಟ್ಟುತ್ತದೆ. ಆಮೇಲೆ ಯಾರನ್ನೂ ನೀರಿಗೆ ಬಿಡುವುದಿಲ್ಲ. ಎಪ್ಪತ್ತೊಂದರ ದ್ಯಾಮಕ್ಕ ಮೊದಲ ಸೀಟು ಹಿಡಿದಿದ್ದಾರೆ. ಹೋದ ವರ್ಷ ಇದೇ ಬಸ್ಸಿನಲ್ಲಿ ಹೋಗಿ, ದಂಡೆಯ ಕೆಂಪು ಬಾವುಟ ನೋಡಿ, ಕಾಲು ತೋಯಿಸದೆ ಮರಳಿದವರು.

"ಈ ಸರ್ತಿನೂ ನೀರು ಮುಟ್ಟಿಸ್ಲಿಲ್ಲಂದ್ರ ಬೀರಾ, ನಿನ್ನ ಬಸ್ಸಿನ ಮೆಟ್ಲು ತುಳಿಯಂಗಿಲ್ಲ ನೋಡು."

"ಸಮುದ್ರ ನಮ್ಮಪ್ಪಂದೇನವ್ವಾ? ಮಳಿ ಬರೂದ್ರೊಳಗ ಮುಟ್ಟಿಸ್ತೀನಿ, ಕುಂದ್ರು."

ನಲವತ್ತಾರರ ದೊಡ್ಡಬೀರಪ್ಪ ಕುರಿ ಕಾಯುತ್ತ ಬೆಳೆದವರು. ಹನ್ನೊಂದು ವರ್ಷದಿಂದ ಬೇಸಿಗೆಯಲ್ಲಿ ಊರವರನ್ನು ಕಡಲಿಗೆ ಒಯ್ಯುತ್ತಾರೆ. ಈ ಎರಡು ತಿಂಗಳಲ್ಲಿ ಇದು ಹದಿನೆಂಟನೇ ಸಲ. ಬೆನ್ನುನೋವಿಗೆ ಸೀಟಿನಲ್ಲೊಂದು ಮಡಿಸಿದ ಕಂಬಳಿ ಇದೆ.

ಉಣ್ಣೆ ಗಾಳಿಯ ತೇವವನ್ನು ಹೀರುತ್ತದೆ. ತನ್ನ ತೂಕದ ಮೂರನೇ ಒಂದು ಪಾಲಿನವರೆಗೂ ಹೀರಬಲ್ಲದು. ಎಳೆ ಮೆತ್ತಗಾದರೆ ಮಳೆ ಹತ್ತಿರ ಎನ್ನುವುದು ಅವರ ತಂದೆಯ ಲೆಕ್ಕ. ಮೊದಲ ವರ್ಷ ಆ ಲೆಕ್ಕವನ್ನೇ ನಂಬಿ ಹೋದರು. ಘಟ್ಟ ಇಳಿಯುತ್ತಲೇ ಎಳೆ ಜೋತುಬಿತ್ತು. ದಂಡೆಯಲ್ಲಿ ಬಸ್ ನಿಲ್ಲಿಸಿ, ಕಿಟಕಿ ಮುಚ್ಚಿಸಿ, ಮೂರು ತಾಸು ಯಾರನ್ನೂ ಇಳಿಯಗೊಡಲಿಲ್ಲ. ಹೊರಗೆ ಸುಡುಬಿಸಿಲು!

"ದೊಡ್ಡ್ಯಾಗ ಕುರಿ ತುಂಬಿದಂಗ ತುಂಬಿಟ್ಟಿದ್ದ್ನಪಾ," ಎಂದು ಹಿಂದಿನ ಸೀಟಿನಿಂದ ರೇಣುಕಾ ಈಗಲೂ ನಗುತ್ತಾರೆ. "ಬೆವತು ಬೆವತು ನಾವ ಸಮುದ್ರ ಆಗಿದ್ವಿ."

ಕಡಲ ಪಕ್ಕದಲ್ಲಿ ಉಣ್ಣೆ ದಿನವೂ ಮೆತ್ತಗೆ ಎಂಬುದು ಆಗ ತಿಳಿಯಿತು. ಅಂದಿನಿಂದ ಅವರು ನೋಡುವುದು ಎಳೆ ಯಾವ ಕಡೆ ಹಾರುತ್ತದೆ ಎಂಬುದನ್ನು. ಮಧ್ಯಾಹ್ನ ಗಾಳಿ ಕಡಲಿನಿಂದ ಬೀಸುತ್ತದೆ, ಎಳೆ ಬೆಟ್ಟದತ್ತ ಹಾರುತ್ತದೆ. ಅದು ಅಲುಗದೆ ನಿಂತು, ಆಮೇಲೆ ಕಡಲಿನತ್ತ ತಿರುಗಿದರೆ ಬೆಟ್ಟದಿಂದ ಗುಡುಗುಮಳೆ ಹೊರಟಿದೆ ಎಂದರ್ಥ. ಐದು ಸಲ ತಪ್ಪಿದ್ದನ್ನೂ ಅವರು ಮರೆಮಾಚುವುದಿಲ್ಲ.

ಹನ್ನೊಂದು ಮುಕ್ಕಾಲಿಗೆ ದಂಡೆ ತಲುಪುತ್ತೇವೆ. ಎಳೆ ಬೆಟ್ಟದತ್ತಲೇ ಇದೆ. ಆದರೆ ಬೆಟ್ಟದ ಮೇಲೆ ಹೂಕೋಸಿನಂಥ ಮೋಡ ಎದ್ದಿದೆ. ರೇಣುಕಾ ರೊಟ್ಟಿ ಗಂಟಿಗೆ ಕೈಹಾಕುತ್ತಾರೆ.

"ಬುತ್ತಿ ಬಿಚ್ಚಬ್ಯಾಡ್ರಿ! ಮೊದ್ಲು ನೀರು, ಆಮ್ಯಾಲ ರೊಟ್ಟಿ!" ದೊಡ್ಡಬೀರಪ್ಪ ದಂಡೆಯ ಕಾವಲುಗಾರನನ್ನು ಕೇಳಿಬರುತ್ತಾರೆ. ಮೊಣಕಾಲುದ್ದ ನೀರಿಗೆ ಅಡ್ಡಿಯಿಲ್ಲ. ಮಕ್ಕಳು ಓಡುತ್ತಾರೆ. ಸೀರೆ ಎತ್ತಿ ಕಟ್ಟಿದ ದ್ಯಾಮಕ್ಕ ಮೊದಲ ಅಲೆಗೆ ಕಿರುಚುತ್ತಾರೆ: "ಯವ್ವಾ, ಕಾಲಾಗಿನ ಉಸುಕು ಎಳಕೊಂಡು ಹೊಂಟೈತಿ!" ಎರಡನೆಯದಕ್ಕೆ ಬಿದ್ದು, ಕೂತಲ್ಲೇ ಚಪ್ಪಾಳೆ ತಟ್ಟುತ್ತಾರೆ.

ದೊಡ್ಡಬೀರಪ್ಪ ಮಾತ್ರ ಒಣ ಮರಳಿನಲ್ಲಿ ನಿಂತು ತಲೆ ಎಣಿಸುತ್ತಿದ್ದಾರೆ. ಹನ್ನೊಂದು ವರ್ಷದಲ್ಲಿ ಒಮ್ಮೆಯೂ ಕಡಲಿಗೆ ಇಳಿದಿಲ್ಲವಂತೆ. "ಎಣಿಸಾವ ಇಳಿದ್ರ ಎಣಿಸೋರು ಯಾರ್ರಿ?"

ಮಾತು ಕೇಳಿಸಿಕೊಂಡ ದ್ಯಾಮಕ್ಕ ಒದ್ದೆ ಸೀರೆಯಲ್ಲೇ ಮೇಲೆ ಬರುತ್ತಾರೆ. "ನಾನೂ ಕುರಿ ಕಾದಾಕಿನ. ನಾ ಎಣಿಸ್ತೀನಿ, ಹೋಗಲೇ."

ದೊಡ್ಡಬೀರಪ್ಪ ಹೋಗುತ್ತಾರೆ. ಮೊಣಕಾಲುದ್ದ ನೀರಿನಲ್ಲಿ, ಕಡಲಿಗೆ ಬೆನ್ನು ಮಾಡಿ, ದಂಡೆಯತ್ತ ಮುಖ. ತುಟಿಗಳು ಇನ್ನೂ ಎಣಿಸುತ್ತಿವೆ. ಒಂದೂ ಇಪ್ಪತ್ತಕ್ಕೆ ಬೆಟ್ಟದ ತಣ್ಣನೆ ಗಾಳಿ ಆ ಮುಖಕ್ಕೇ ಮೊದಲು ಬಡಿಯುತ್ತದೆ. ಅವರು ಬಸ್ಸಿನತ್ತ ನೋಡುತ್ತಾರೆ. ಎಳೆ ಕಡಲಿನತ್ತ ತಿರುಗಿದೆ. ನಾಲಿಗೆ ಮಡಿಸಿ ಒಂದು ಶಿಳ್ಳೆ. ಮಂದೆ ಕರೆಯುವ ಶಿಳ್ಳೆ ಅದು. ಬಾಗಳಿಯವರಿಗೆ ಬೇರೆ ಮಾತು ಬೇಕಿಲ್ಲ.

ಬಾಗಿಲು ಮುಚ್ಚುವಷ್ಟರಲ್ಲಿ ಗಾಜಿನ ಮೇಲೆ ದಪ್ಪ ಹನಿಗಳು, ಹಿಂದೆಯೇ ಗುಡುಗು. ಒಳಗೆ ರೊಟ್ಟಿ, ಚಟ್ನಿಪುಡಿ, ಉಪ್ಪುನೀರಿನ ವಾಸನೆ, ಗದ್ದಲ.

ಸಮುದ್ರ ಹೇಗಿತ್ತು ಎಂದು ಕೇಳುತ್ತೇನೆ.

"ಕಾಲಿಗೆ ತಣ್ಣಗಿತ್ರಿ," ದೊಡ್ಡಬೀರಪ್ಪ ಒದ್ದೆ ಪ್ಯಾಂಟು ಹಿಂಡುತ್ತಾರೆ. "ಅದರ ಕಡೆ ಮಾರಿ ತಿರುವಿ ನೋಡೂದು ಬರೋ ವರ್ಸ. ಇವತ್ತು ಇಪ್ಪತ್ತೆರಡೂ ತಲಿ ಒಳಗ ಅದಾವ."