ಬೀಗಿತ್ತಿಯ ಬ್ಯಾಗನ್ನೂ ಬಿಡದ ಗಿರಿಜಾ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಟೊರಾಂಟೊ ವಿಮಾನ ನಿಲ್ದಾಣದ ತಪಾಸಣೆಯ ಸಾಲಿನಲ್ಲಿ ಮಾತ್ರ ಆಗಲೇ ನೂಕುನುಗ್ಗಲು. ನೀಲಿ ಕೈಗವಸು ತೊಟ್ಟು ನಿಂತಿರುವ ಗಿರಿಜಾ ಅವರ ಎದುರು ಬಿಳಿಗೂದಲಿನ ಅಜ್ಜಿಯೊಬ್ಬರು ನಿಂಬೆಕಾಯಿ ಉಪ್ಪಿನಕಾಯಿಯ ಬಾಟಲಿಯನ್ನು ತಲೆಕೆಳಗು ಮಾಡಿ ಹಿಡಿದಿದ್ದಾರೆ.

"ನೋಡಮ್ಮ, ಬೀಳತ್ತಾ? ಒಂದು ತೊಟ್ಟಾದ್ರೂ ಬೀಳತ್ತಾ? ಇದು ಲಿಕ್ವಿಡ್ ಹೇಗಾಗತ್ತೆ?"

ಗಿರಿಜಾ ಬಾಟಲಿ ನೋಡುತ್ತಾರೆ, ಅಜ್ಜಿಯನ್ನು ನೋಡುತ್ತಾರೆ. ಹಿಂದಿನ ಸಾಲಿನ ಜನರೂ ಕತ್ತು ಚಾಚಿ ನೋಡುತ್ತಾರೆ. ಉಪ್ಪಿನಕಾಯಿ ನಿಜಕ್ಕೂ ಕದಲುವುದಿಲ್ಲ. ಅಜ್ಜಿ ಗೆದ್ದ ಮುಖ ಮಾಡುವ ಹೊತ್ತಿಗೆ ಮುಚ್ಚಳದ ಸಂದಿಯಿಂದ ಒಂದು ಹನಿ ಎಣ್ಣೆ ನಿಧಾನವಾಗಿ ಇಳಿದು ಅವರದೇ ಬಿಳಿ ಶೂ ಮೇಲೆ ಬೀಳುತ್ತದೆ.

"ಅದು ಎಣ್ಣೆ ಕಣಮ್ಮ," ಎನ್ನುತ್ತಾರೆ ಅಜ್ಜಿ, ಒಂದಿಷ್ಟೂ ಅಳುಕದೆ. "ಉಪ್ಪಿನಕಾಯಿ ಅಲ್ಲ."

ಕೈಚೀಲದಲ್ಲಿ ಒಯ್ಯುವ ದ್ರವ ಪದಾರ್ಥದ ಡಬ್ಬಿ ನೂರು ಮಿಲಿಲೀಟರು ಮೀರಬಾರದು. ಅಂಟಂಟಾದದ್ದು, ಪೇಸ್ಟಿನಂಥದ್ದು, ಜೆಲ್ಲಿನಂಥದ್ದು ಎಲ್ಲವೂ ದ್ರವದ ಲೆಕ್ಕಕ್ಕೇ ಬರುತ್ತದೆ. ಹೇಳಲು ಎರಡೇ ವಾಕ್ಯ. ಈ ಎರಡು ವಾಕ್ಯವನ್ನು ಜಗತ್ತಿನ ಜನಕ್ಕೆಲ್ಲ ಹೇಗೋ ಒಪ್ಪಿಸಬಹುದು, ಕನ್ನಡಿಗರಿಗೆ ಒಪ್ಪಿಸುವುದು ಕಷ್ಟ ಎನ್ನುವುದು ಗಿರಿಜಾ ಅವರ ಅನುಭವ. ನಮ್ಮಲ್ಲಿ ಸಾರು ಮಾತ್ರ ದ್ರವ. ಚಟ್ನಿ, ಗೊಜ್ಜು, ತೊಕ್ಕುಗಳೆಲ್ಲ ನಂಚಿಕೊಳ್ಳುವ ಜಾತಿಗೆ ಸೇರಿದವು.

"ಚಳಿಗಾಲದಾಗ ಒಬ್ಬರು ತುಪ್ಪದ ಡಬ್ಬಿ ತಂದಿದ್ರು ನೋಡ್ರಿ," ಎಂದು ನೆನೆಯುತ್ತಾರೆ. "ಹೊರಗ ಮೈನಸ್ ಇಪ್ಪತ್ತು. ತುಪ್ಪ ಕಲ್ಲಾಗಿತ್ತು. ಆ ಮನಷ್ಯಾ ಡಬ್ಬೀನ ಟೇಬಲ್ಲಿಗೆ ಕಟಕಟ ಬಡದು, 'ಮೇಡಂ, ಇದು ಸಾಲಿಡ್ಡು, ಕಾನೂನು ಓದಿಕೊಳ್ಳಿ' ಅಂತಾನ. ಇನ್ನೊಬ್ಬ ಅಮ್ಮಾರು ಈಳಿಗೆಮಣಿ ಸೀರ್‍ಯಾಗ ಸುತ್ತಿ ತಂದಿದ್ರು. ಚಾಕು ತರಬಾರದು ಅಂತ ಬರದೀರಿ, ಇದು ಚಾಕು ಅಲ್ಲಲ್ಲ ಅಂದ್ರು. ನಾ ಏನ್ ಹೇಳಬೇಕ್ರಿ?"

ಗದಗಿನ ಗಿರಿಜಾ ಗಂಡ ಬಸವೇಶ ಅವರೊಂದಿಗೆ ಕೆನಡಾಕ್ಕೆ ಬಂದಾಗ ಮಗಳು ಈಶಾ ಅಂಬೆಗಾಲಿಡುತ್ತಿದ್ದಳು. ಬಸವೇಶ ಟೊರಾಂಟೊ ಸಮೀಪದ ಬೋಲ್ಟನ್ನಿನ ಗೋದಾಮೊಂದರಲ್ಲಿ ಕೆಲಸಕ್ಕೆ ಸೇರಿದರು. ಅವರ ಬಿ.ಕಾಂ. ಅಲ್ಲಿ ಪೆಟ್ಟಿಗೆ ಎತ್ತುವುದಕ್ಕೆ ಅಡ್ಡಿಯೇನೂ ಆಗಲಿಲ್ಲ. ಗಿರಿಜಾ ಮೊದಲು ಬಿಸ್ಕತ್ತಿನ ಕಾರ್ಖಾನೆ, ಆಮೇಲೆ ಬಟ್ಟೆ ಅಂಗಡಿ ಎಂದು ಸುತ್ತಿ, ತರಬೇತಿ ಮುಗಿಸಿ, ಪರೀಕ್ಷೆ ಪಾಸು ಮಾಡಿ ಈ ಸಮವಸ್ತ್ರ ತೊಟ್ಟರು. ಅದಾಗಿ ಹತ್ತು ವರ್ಷ ದಾಟಿದೆ. ಬೆಳಗಿನ ಶಿಫ್ಟಾದರೆ ಕತ್ತಲಲ್ಲೇ ಎದ್ದು, ಕಾರಿನ ಮೇಲಿನ ಹಿಮ ಕೆರೆದು ಹೊರಡಬೇಕು. ನಿಂತು ನಿಂತು ಹಿಮ್ಮಡಿ ಸೋಲುತ್ತದೆ. ಬೆಲ್ಟಿನಿಂದ ಬ್ಯಾಗು ಎಳೆದು ಎಳೆದು ಬಲಭುಜ ಹಿಡಿದುಕೊಂಡಿದೆ. ನೋಯುವುದು ಅದೊಂದೇ ಅಲ್ಲ. ದಿನಕ್ಕೆ ಸಾವಿರಾರು ಬ್ಯಾಗು ಕಣ್ಣಮುಂದೆ ಹಾದುಹೋಗುವ ಈ ಸಾಲಿನಲ್ಲಿ 'ಥ್ಯಾಂಕ್ಸ್' ಎನ್ನುವವರು ಕಡಿಮೆ, ಗೊಣಗುವವರೇ ಹೆಚ್ಚು.

ಆದರೂ ಸಹೋದ್ಯೋಗಿಗಳಿಗೆ ಅವರು ಬೇಕೇಬೇಕು. ಎಕ್ಸ್‌ರೇ ಪರದೆಯ ಮೇಲೆ ಸುರುಳಿ ಸುತ್ತಿದ ತಂತಿಯಂತೆ ಏನೋ ಕಂಡರೆ "ಗಿರಿಜಾ!" ಎಂಬ ಕೂಗು ಬರುತ್ತದೆ. ಅವರು ಹೋಗಿ ನೋಡಿ "ಚಕ್ಕುಲಿ" ಎನ್ನುತ್ತಾರೆ. ಉಂಗುರಗಳ ರಾಶಿ ಕಂಡರೆ ಕೋಡುಬಳೆ. ಗೋವಾ ಮೂಲದ ಸಹೋದ್ಯೋಗಿ ಲೀನಾ ಈಗ ಎರಡನ್ನೂ ತಾನೇ ಗುರುತಿಸುತ್ತಾಳೆ, ಎರಡನ್ನೂ ಮನೆಯಲ್ಲಿ ಮಾಡಲು ಹೋಗಿ ಕೈ ಸುಟ್ಟುಕೊಂಡೂ ಇದ್ದಾಳೆ.

ಕಷ್ಟವಿರುವುದು ಕನ್ನಡದವರ ಕೂಟಗಳಲ್ಲಿ. ಸಂಘದ ಹಬ್ಬದೂಟಕ್ಕೆ ಗಿರಿಜಾ ಎಲೆಯ ಮುಂದೆ ಕೂತರೆ, ಬಡಿಸಲು ಬಂದವರು ಸೌಟು ಮೇಲೆತ್ತಿ, "ಗಿರಿಜಾ ಅವರೇ, ನೂರು ಎಂ.ಎಲ್. ಒಳಗೇ ಹಾಕ್ಲಾ?" ಎಂದು ಕೇಳುತ್ತಾರೆ. ಸಾಲಿಗೆ ಸಾಲೇ ನಗುತ್ತದೆ. ವಶಪಡಿಸಿಕೊಂಡ ಉಪ್ಪಿನಕಾಯಿಯನ್ನೆಲ್ಲ ಅವರು ಮನೆಗೆ ಸಾಗಿಸುತ್ತಾರೆ ಎಂಬ ಗುಮಾನಿಯೂ ಇದೆ.

"ಒಂದ ಚಮಚಾನೂ ಒಯ್ಯಂಗಿಲ್ರೀ," ಎನ್ನುವಾಗ ಗಿರಿಜಾ ಅವರ ದನಿ ಏರುತ್ತದೆ. "ಅದೆಲ್ಲಾ ಕಸದ ತೊಟ್ಟಿಗೇ ಹೋಗೂದು. ಆ ವಾಸನಿ ಬಂದಾಗ ನನಗ ಹೊಟ್ಟಿ ಉರೀತದ. ನಮ್ಮನಿ ಉಪ್ಪಿನಕಾಯಿ ನಾನೂ ಅಂಗಡ್ಯಾಗ ರೊಕ್ಕಾ ಕೊಟ್ಟ ತರೂದು."

ಇಷ್ಟೆಲ್ಲ ನುಂಗಿಕೊಂಡು ಹೋಗುತ್ತಿದ್ದವರನ್ನು ಈ ವಸಂತ ಕಾಲ ನಿಜವಾದ ಇಕ್ಕಟ್ಟಿಗೆ ಸಿಕ್ಕಿಸಿತು. ಮಗಳು ಈಶಾಗೆ ಮದುವೆ ಗೊತ್ತಾಗಿದೆ. ಹುಡುಗ ಸಿದ್ಧಾರ್ಥ್, ಟೊರಾಂಟೊ ಪಕ್ಕದ ಪಿಕರಿಂಗ್‌ನವನು. ತಂದೆ ಮಧುಸೂದನ್ ಅಲ್ಲಿನ ಅಣು ವಿದ್ಯುತ್ ಸ್ಥಾವರದಲ್ಲಿ ಎಂಜಿನಿಯರಾಗಿದ್ದು ನಿವೃತ್ತರಾದವರು. ತಾಯಿ ರತ್ನಾ, ಅಪ್ಪಟ ಮೈಸೂರಿನವರು. ಹುಡುಗ ಹುಡುಗಿ ಒಪ್ಪಿಯಾಗಿದೆ, ಕೆನಡಾದಲ್ಲಿ ಬೆಳೆದವರಿಗೆ ಅಷ್ಟಾದರೆ ಮುಗಿಯಿತು. ಗಿರಿಜಾ ಅವರಿಗೆ ಮುಗಿಯುವುದಿಲ್ಲ. ಹೆಣ್ಣು ಕೊಡುವ ಕಡೆಯವರು ಗಂಡಿನ ತಾಯಿಯ ಮನಸ್ಸು ನೋಯಿಸಬಾರದು, ನೋಯಿಸಿದರೆ ನಾಳೆ ಅದನ್ನು ಮಗಳು ಅನುಭವಿಸಬೇಕು ಎಂಬ ಹೆದರಿಕೆ ಸಮುದ್ರ ದಾಟಿದರೂ ಬಿಟ್ಟುಹೋಗಿಲ್ಲ. ನಿಶ್ಚಿತಾರ್ಥದಲ್ಲಿ ಹುಡುಗನ ಮನೆಯವರಿಗೆ ಸೀರೆ, ಹಣ್ಣುಗಳ ಜೊತೆಗೆ ಗದಗಿನಿಂದ ತರಿಸಿದ ಒಂದು ದೊಡ್ಡ ಚೀಲ ಚುರಮರಿಯನ್ನೂ ಅರಿಶಿನದ ದಾರ ಕಟ್ಟಿ ಕೊಟ್ಟಿದ್ದರು. ಮೈಸೂರಿನವರು ಅದನ್ನು ಕಡಲೆಪುರಿ ಎನ್ನುತ್ತಾರೆ. ರತ್ನಾ ಚೀಲವನ್ನು ಎರಡು ಬೆರಳಲ್ಲಿ ಎತ್ತಿ, "ಪಾಪ, ಎಷ್ಟೊಂದು ಕೊಟ್ಟಿದೀರಿ!" ಎಂದಿದ್ದರು. ಆ 'ಪಾಪ' ಎಂಬ ಮಾತನ್ನು ಗಿರಿಜಾ ಮನೆಗೆ ಬಂದ ಮೇಲೂ ತಿರುಗಿಸಿ ಮುರುಗಿಸಿ ನೋಡಿದರು.

ಅದಾದ ಮೂರನೆಯ ವಾರ. ಗಿರಿಜಾ ಅಂದು ಪರದೆಯ ಮುಂದೆ ಕೂತಿದ್ದಾರೆ. ಬೆಲ್ಟಿನ ಮೇಲೆ ಒಂದು ಬ್ಯಾಗು ಒಳಗೆ ಬರುತ್ತದೆ. ಚಿತ್ರದಲ್ಲಿ ಒಂದು ದೊಡ್ಡ ಗಾಜಿನ ಬಾಟಲಿ, ಕುತ್ತಿಗೆಯವರೆಗೂ ತುಂಬಿದ್ದು. ಪಕ್ಕದಲ್ಲಿ ಹಗುರವಾದ ಏನೋ ಒಂದು ರಾಶಿ. ಬೆಲ್ಟು ನಿಲ್ಲಿಸಲು ಬೆರಳು ಮುಂದಾಗುತ್ತದೆ. ಅಷ್ಟರಲ್ಲಿ ಬೆಲ್ಟಿನ ಆ ತುದಿಯಿಂದ ಪರಿಚಯದ ದನಿ ಕೇಳುತ್ತದೆ.

"ಅಯ್ಯೋ, ಗಿರಿಜಾ ಅವರೇ! ನೀವೇ ಇದೀರಾ! ಸದ್ಯ!"

ಕೈ ಬೀಸುತ್ತಾ ನಿಂತಿದ್ದಾರೆ ರತ್ನಾ. ಹಿಂದೆ ಬೆಲ್ಟು ಬಿಚ್ಚಿ ಪ್ಯಾಂಟು ಹಿಡಿದುಕೊಂಡ ಮಧುಸೂದನ್. ಇಬ್ಬರೂ ಕ್ಯಾಲ್ಗರಿಗೆ ಹೊರಟಿದ್ದಾರೆ. ಮಧುಸೂದನ್ ಅವರ ಅಕ್ಕ ಸತ್ಯಭಾಮಾ ಅಲ್ಲಿದ್ದಾರೆ. ಮನೆತನಕ್ಕೆ ಹಿರಿಯರು, ಮೊದಲ ಲಗ್ನಪತ್ರಿಕೆ ಅವರ ಕೈಗೇ ಕೊಡಬೇಕು, ಬರಿಗೈಯಲ್ಲಿ ಹೋಗುವಂತಿಲ್ಲ. ಹಾಗಾಗಿ ರತ್ನಾ ಎರಡು ದಿನ ಕೂತು ಪುಳಿಯೋಗರೆ ಗೊಜ್ಜು ಕಾಯಿಸಿದ್ದಾರೆ. ಹಿಂದೊಮ್ಮೆ ದೊಡ್ಡ ಸೂಟ್‌ಕೇಸಿನಲ್ಲಿಟ್ಟ ಗೊಜ್ಜಿನ ಬಾಟಲಿ ಒಡೆದು ಏಳು ರೇಷ್ಮೆ ಸೀರೆ ಹಾಳಾದದ್ದರಿಂದ ಈ ಸಲ ಅದು ಕೈಚೀಲ ಸೇರಿದೆ.

ಪರದೆ ನೋಡುತ್ತಿರುವುದು ಗಿರಿಜಾ ಒಬ್ಬರೇ. ಬೆರಳು ಸ್ವಲ್ಪ ಈಚೆ ಸರಿದರೆ ಬ್ಯಾಗು ಮುಂದೆ ಹೋಗುತ್ತದೆ, ಗೊಜ್ಜು ಕ್ಯಾಲ್ಗರಿ ತಲುಪುತ್ತದೆ, ಬೀಗಿತ್ತಿ ಜೀವನಪರ್ಯಂತ ನೆನೆಯುತ್ತಾರೆ. "ಬಟನ್ ಮ್ಯಾಲೆ ಬೆರಳು ಹಂಗ ನಿಂತಿತ್ರೀ," ಎನ್ನುತ್ತಾರೆ ಗಿರಿಜಾ. "ಮಗಳ ಮಾರಿ ಕಣ್ಣಮುಂದ ಬಂತು. ಅದರ ಹಿಂದ, ನಾ ಉಪ್ಪಿನಕಾಯಿ ಕಸಗೊಂಡ ಅಜ್ಜಿಗೋಳು ಎಲ್ಲಾರೂ ಬಂದ ನಿಂತ್ರು. ಅವರಿಗೆಲ್ಲಾ ಒಂದು, ನಮ್ಮ ಬೀಗರಿಗೆ ಒಂದು ಅಂದ್ರ ಹೆಂಗ್ರಿ?"

ಬೆಲ್ಟು ನಿಲ್ಲುತ್ತದೆ. ತಮ್ಮವರ ಬ್ಯಾಗನ್ನು ತಾವೇ ತೆರೆಯುವುದು ಸರಿಯಲ್ಲವೆಂದು ಗಿರಿಜಾ ಲೀನಾಳನ್ನು ಕರೆದು, "ನಮ್ಮ ಬೀಗರು. ನೀನ ನೋಡು," ಎಂದು ಎದ್ದು ದೂರ ನಿಲ್ಲುತ್ತಾರೆ. ಲೀನಾ ಬಾಟಲಿಯನ್ನು ಹೊರತೆಗೆದು ಇದನ್ನು ಬಿಡಲಾಗದು ಎನ್ನುತ್ತಾಳೆ. ರತ್ನಾ ಅವರ ನಗು ಮಾಸುತ್ತದೆ. ಮಧುಸೂದನ್ ಮುಂದೆ ಬಂದು ಇಂಗ್ಲಿಷಿನಲ್ಲಿ, ಇದನ್ನು ದ್ರವ ಎನ್ನುವುದು ವಿಜ್ಞಾನಕ್ಕೆ ಬಗೆದ ದ್ರೋಹ, ಇದು ನಾನ್-ನ್ಯೂಟೋನಿಯನ್ ಫ್ಲೂಯಿಡ್ ಎಂದು ವಿವರಿಸುತ್ತಾರೆ.

"ಫ್ಲೂಯಿಡ್ ಅಂತ ನೀವೇ ಹೇಳಿದಿರಲ್ಲ ಸರ್," ಎನ್ನುತ್ತಾಳೆ ಲೀನಾ.

"ಸ್ವಲ್ಪ ಸುಮ್ನಿರ್ತೀರಾ?" ಎಂದು ರತ್ನಾ ಗಂಡನನ್ನು ಗದರಿ ಗಿರಿಜಾ ಕಡೆ ತಿರುಗುತ್ತಾರೆ. "ಏನ್ರೀ ಇದು? ನಾವು ಬೀಗರಲ್ವಾ? ನಿಮ್ಮ ಮಗಳ ಮದುವೆ ಪತ್ರಿಕೆ ಕೊಡೋಕೇ ಅಲ್ವಾ ನಾನು ಹೋಗ್ತಿರೋದು?"

"ಬೀಗರ, ನಿಮ್ಮ ಕಾಲಿಗೆ ಬೀಳ್ತೀನಿ," ಎನ್ನುತ್ತಾರೆ ಗಿರಿಜಾ. "ಗೊಜ್ಜು ಹಂಗ ಹೋಗಂಗಿಲ್ಲ. ಹೊರಗ ಹೋಗಿ ಲಗೇಜಿಗೆ ಹಾಕಬಹುದು. ಇಲ್ಲಾ, ಅನ್ನಕ್ಕ ಕಲಸಿದ್ದಿದ್ರ ಪುಳಿಯೋಗರೆ ಆಗ್ತಿತ್ತು, ಅದು ತಿನ್ನೂ ಪದಾರ್ಥ, ಹೋಗ್ತಿತ್ತು."

ವಾಪಸು ಹೋಗಿ ಬರಲು ಹೊತ್ತಿಲ್ಲ. ಇಲ್ಲಿ ಅನ್ನ ಎಲ್ಲಿಂದ ತರುವುದು? ಅಷ್ಟರಲ್ಲಿ ಲೀನಾ ಬ್ಯಾಗಿನಿಂದ ಎರಡನೆಯ ಗಂಟನ್ನು ಹೊರಗಿಡುತ್ತಾಳೆ. ದೊಡ್ಡ ಚೀಲ. ಬಾಯಿಗೆ ಅರಿಶಿನದ ದಾರ. ಗಿರಿಜಾ ತಮ್ಮ ಕೈಯಾರೆ ಹಾಕಿದ್ದ ಗಂಟು ಹಾಗೇ ಇದೆ, ಬಿಚ್ಚಿಯೇ ಇಲ್ಲ.

ಗಿರಿಜಾ ಚುರಮರಿ ನೋಡುತ್ತಾರೆ. ರತ್ನಾ ಚಾವಣಿ ನೋಡುತ್ತಾರೆ. "ನೀವು ಕೊಟ್ಟಿದ್ದನ್ನ ಅತ್ತಿಗೆಗೆ ತೋರಿಸೋಣ ಅಂತ..." ಎನ್ನುತ್ತಾರೆ ಕೊನೆಗೆ. ಇಷ್ಟು ಹೊತ್ತು ಮೇಲಿದ್ದ ದನಿ ಈಗ ಸಾಕಷ್ಟು ಇಳಿದಿದೆ.

ಮುಂದೆ ನಡೆದದ್ದನ್ನು ಆ ಸಾಲಿನ ಸಿಬ್ಬಂದಿ ಇವತ್ತಿಗೂ ಹೇಳಿಕೊಂಡು ನಗುತ್ತಾರೆ. ರತ್ನಾ ಗಟ್ಟಿಗಿತ್ತಿ. ಶೂ ಹಾಕಿಕೊಳ್ಳಲೆಂದು ಇಟ್ಟಿರುವ ಬೆಂಚಿನ ಮೇಲೆ ಕೂತು, ಸೆರಗು ಸಿಕ್ಕಿಸಿ, ಬಳೆ ಮೇಲೇರಿಸಿ, ದಾರ ಹರಿದು, ಲೀನಾಳ ಕಣ್ಣೆದುರೇ ಗೊಜ್ಜನ್ನು ಚುರಮರಿಗೆ ಸುರಿದು ಕಲಸುತ್ತಾರೆ. ಇಂಗಿನ ಘಮ ಆ ಸಾಲಿಗೆಲ್ಲ ಹರಡುತ್ತದೆ. ಲ್ಯಾಪ್‌ಟಾಪ್ ತೆಗೆಯುತ್ತಿದ್ದವರು ತೆಗೆಯುವುದನ್ನು ಮರೆಯುತ್ತಾರೆ. ಚೀಲಕ್ಕೆ ಹಿಡಿಸಿದ್ದು ಅರ್ಧ ಬಾಟಲಿ ಗೊಜ್ಜು ಮಾತ್ರ. ಉಳಿದದ್ದು ತೊಟ್ಟಿಗೆ ಬೀಳುವುದನ್ನು ರತ್ನಾ ಕಣ್ಣು ಕೀಳದೆ ನೋಡುತ್ತಾರೆ. ಗಿರಿಜಾ ನೋಡಲಾರದೆ ಆಚೆ ತಿರುಗುತ್ತಾರೆ. ಮಧುಸೂದನ್ "ಹೋಗಿ ಬರ್ತೀವಮ್ಮ" ಎನ್ನುತ್ತಾರೆ. ರತ್ನಾ ತಿರುಗಿಯೂ ನೋಡದೆ ಹೋಗುತ್ತಾರೆ.

ಆಮೇಲಿನ ದಿನಗಳು ಗಿರಿಜಾ ಅವರಿಗೆ ಬೇಡವಾದವು. ದಿನ ಬಿಟ್ಟು ದಿನ ಬರುತ್ತಿದ್ದ ರತ್ನಾ ಅವರ ಫೋನು ನಿಂತುಹೋಯಿತು. ಮದುವೆಯ ಹಾಲ್ ಬುಕಿಂಗ್ ವಿಷಯಕ್ಕೂ ಮಧುಸೂದನ್ ಅವರೇ ಮಾತಾಡತೊಡಗಿದರು. "ಒಂದ ಬಾಟ್ಲಿ ಬಿಟ್ಟಿದ್ರ ವಿಮಾನ ಬೀಳ್ತಿತ್ತೇನು?" ಎಂದರು ಬಸವೇಶ. ಈಶಾ ಮಾತ್ರ, "ಅಮ್ಮಾ, ರಿಲ್ಯಾಕ್ಸ್! ಸಿದ್ ಥಿಂಕ್ಸ್ ಇಟ್ಸ್ ಹಿಲೇರಿಯಸ್," ಎಂದು ನಕ್ಕಳು. ಗಿರಿಜಾ ಅವರಿಗೆ ನಗು ಬರಲಿಲ್ಲ. ಎಷ್ಟೋ ಸಲ ಫೋನು ಕೈಗೆತ್ತಿಕೊಂಡು ಮತ್ತೆ ಕೆಳಗಿಟ್ಟರು. ಕ್ಷಮೆ ಕೇಳಬೇಕೆಂದರೆ ತಪ್ಪು ಮಾಡಿರಬೇಕಲ್ಲ ಎಂಬುದು ಅವರ ಸಂಕಟ.

ಜವಳಿಯ ಮಾತುಕತೆಗೆಂದು ಪಿಕರಿಂಗ್‌ಗೆ ಹೋಗಲೇಬೇಕಾದ ಭಾನುವಾರ ಬಂತು. ಬಾಗಿಲು ತೆರೆದರೆ ಹಜಾರದ ತುಂಬ ಗಂಡಿನ ಕಡೆಯ ನೆಂಟರು. ರತ್ನಾ ಎದ್ದು ಬಂದು, ಗಿರಿಜಾ ಅವರ ಮೊಣಕೈ ಹಿಡಿದು ಹಜಾರದ ನಡುವಿಗೆ ಕರೆದುಕೊಂಡು ಹೋಗಿ ಎಲ್ಲರೆದುರು ನಿಲ್ಲಿಸಿದರು.

"ಇವರೇ ಕಣ್ರೀ ನಮ್ಮ ಬೀಗಿತ್ತಿ," ಎಂದರು ರತ್ನಾ. "ಎರಡು ದಿನ ಕಾಯಿಸಿದ ಗೊಜ್ಜು. ಹುಡುಗನ ತಾಯಿ ಅಂತಾನೂ ನೋಡ್ಲಿಲ್ಲ, ನಿಲ್ಲಿಸೇಬಿಟ್ರು! ಕ್ಯಾಲ್ಗರಿಗೆ ಹೋಗಿ ಅತ್ತಿಗೆ ಹತ್ರ ಅತ್ಕೊಂಡೆ ನಾನು. ಅತ್ತಿಗೆ ಆ ಮೆತ್ತಗಾದ ಕಡ್ಲೆಪುರೀನ ಸ್ಪೂನಲ್ಲಿ ತಿಂತಾ ಏನಂದ್ರು ಗೊತ್ತಾ? ಯಾರೂ ನೋಡದೇ ಇರೋವಾಗ್ಲೂ ಬೀಗರ ಬ್ಯಾಗು ನಿಲ್ಲಿಸಿದೋಳ ಮಗಳು ಬರ್ತಿದಾಳೆ, ಮನೆ ಬೀಗದಕೈ ಕಣ್ಮುಚ್ಚಿಕೊಂಡು ಕೊಡು, ಅಂದ್ರು. ಹದಿನೈದು ದಿನ ಸಿಟ್ಟು ಮಾಡ್ಕೊಂಡಿದ್ದೆ. ಯೋಚನೆ ಮಾಡಿದ್ರೆ ಅತ್ತಿಗೆ ಹೇಳಿದ್ದು ಸರೀನೇ ಅನ್ನಿಸ್ತು. ಅದಕ್ಕೆ ಇನ್ನೂ ಸಿಟ್ಟು ಬಂತು!"

ನೆಂಟರೆಲ್ಲ ನಕ್ಕರು. ಗಿರಿಜಾ ಅತ್ತರು. ಅದು ಹೊಗಳಿಕೆಯೋ ದೂರೋ ಎಂದು ಅವರು ಇನ್ನೂ ತೀರ್ಮಾನಿಸಿಲ್ಲ.

"ಹತ್ತು ವರ್ಷದಾಗ ಎಷ್ಟ ಮಂದಿ ಬೈದಾರ, ಲೆಕ್ಕ ಇಲ್ರೀ," ಎನ್ನುತ್ತಾರೆ ಕೈಗವಸು ಏರಿಸಿಕೊಳ್ಳುತ್ತಾ. ಮುಂದಿನ ಬ್ಯಾಗು ಬಂದಾಗಿದೆ. "ನನ್ನ ನಿಯತ್ತಿನ ಹೆಸರು ತಗೊಂಡ ಬೈದವರು ಈ ಬೀಗರೊಬ್ಬರ. ನನ್ನ ಮಗಳಿಗೆ ಅಂಥಾ ಅತ್ತಿ ಸಿಕ್ಕಾಳ್ರೀ."