ಕದಿರಿನ ಹಿಂದೆ ಓಡಿದ ಕಣ್ಣು

ನನ್ನ ಮೊಮ್ಮಗಳಿಗೆ ಕಣ್ಣು ಕಾಣುತ್ತದೆ! ರಾಯದುರ್ಗದ ನಮ್ಮ ಓಣಿಯಲ್ಲಿ ನಿಂತು, ಹಟ್ಟಿಯ ಕುರಿಗಳೆಲ್ಲ ಬೆದರುವ ಹಾಗೆ ಅವತ್ತು ಕೂಗಿದವನು ನಾನೇ. ಈಗ ಬರೆಯುವಾಗಲೂ ಅದೇ ಕೂಗು ಗಂಟಲಿಗೆ ಬರುತ್ತದೆ.

ಮಗಳು ಚೊಚ್ಚಲ ಬಾಣಂತನಕ್ಕೆ ಮನೆಗೆ ಬಂದಿದ್ದಳು. ಕೂಸನ್ನು ನೋಡಲು ಬಂದ ಅವಳ ಅತ್ತೆ, ತಂದಿದ್ದ ಕೆಂಪು ಬಟ್ಟೆಯನ್ನು ಅದರ ಮುಖದ ಮುಂದೆ ಹಿಡಿದು, "ಯಾಕವ್ವ, ಕೂಸು ನೋಡವಲ್ದು?" ಅಂದುಬಿಟ್ಟರು. ಅವತ್ತಿನಿಂದ ಮನೆಗೆ ಬಂದವರೆಲ್ಲ ಬಳೆ, ಬೆಲ್ಲ, ಬೆಳ್ಳಿಯ ಲೋಟ ಹಿಡಿದು ಪರೀಕ್ಷೆ ಮಾಡಿದ್ದೇ ಮಾಡಿದ್ದು. ಕೂಸು ಬೆದರೀತೆಂದು ಯಾರೂ ಕೈ ಅಲುಗಿಸುತ್ತಿರಲಿಲ್ಲ. ಕೂಸು ಎತ್ತಲೋ ನೋಡುತ್ತಿತ್ತು. ನನ್ನ ಹೆಂಡತಿ ಗೆಜ್ಜೆ ಆಡಿಸಿದಳು, ಕೂಸು ತಿರುಗಿತು. ನಾವು ಕುಣಿದಾಡಿದೆವು. ಆದರೆ ಕಣ್ಣು ಮುಚ್ಚಿಕೊಂಡಿದ್ದಾಗಲೂ ಹಾಗೆಯೇ ತಿರುಗಿತು. ಅದು ಕಿವಿಯ ಕೆಲಸ. ಮಗಳು ನಮ್ಮ ಜೊತೆ ಊಟಕ್ಕೆ ಕೂರುವುದನ್ನೇ ಬಿಟ್ಟಳು. ತೊಟ್ಟಿಲ ಪಕ್ಕವೇ ಎರಡು ತುತ್ತು, ಅದೂ ಬೈಸಿಕೊಂಡು. ಕಣ್ಣಿನ ಡಾಕ್ಟರಿಗೆ ತೋರಿಸಲು ಬಳ್ಳಾರಿಗೆ ಹೋಗುವುದೆಂದು ಅಳಿಯ ಗಾಡಿ ಗೊತ್ತು ಮಾಡಿದ.

ಆ ಸಂಜೆ ಕುರಿ ಮೇಯಿಸಿ ಬಂದು, ತೊಟ್ಟಿಲ ಬಳಿ ಕೂತು ಉಣ್ಣೆ ನೂಲುತ್ತಿದ್ದೆ. ಹಿಂದೆ ಸುಣ್ಣದ ಬಿಳಿ ಗೋಡೆ, ಮುಂದೆ ಕರಿ ಉಣ್ಣೆಯ ಕದಿರು. ಅದು ಗಿರಗಿರ ತಿರುಗುತ್ತ ಕೆಳಗಿಳಿಯಿತು. ಕೂಸಿನ ಕಣ್ಣೂ ಇಳಿಯಿತು. ನೂಲು ಸುತ್ತಿ ಕದಿರನ್ನು ಮೇಲೆತ್ತಿದೆ, ಕಣ್ಣೂ ಏರಿತು. ನಿಲ್ಲಿಸಿದೆ. ಕಣ್ಣು ಮತ್ತೆ ಎತ್ತಲೋ ಹೋಯಿತು.

ಆಗ ಗುಡ್ಡ ನೆನಪಾಯಿತು. ಕುರಿ ಕಾಯುವವನಿಗೆ ಬಂಡೆಯ ಪಕ್ಕ ಮಲಗಿದ ತೋಳವೂ ಬಂಡೆಯೇ. ಅದರ ಕಿವಿ ಒಂದಿಷ್ಟು ಅಲುಗಲಿ, ನಾವು ನೋಡಬೇಕೆಂದುಕೊಳ್ಳುವ ಮೊದಲೇ ಕಣ್ಣು ಅಲ್ಲಿರುತ್ತದೆ. ಇಷ್ಟು ದೊಡ್ಡವನ ಕಣ್ಣೇ ಹೀಗಿರುವಾಗ, ಎಳೆಗೂಸಿನ ಮುಂದೆ ಲೋಟವನ್ನು ಕಂಬದ ಹಾಗೆ ಹಿಡಿದರೆ ಅದೇನು ನೋಡೀತು!

"ಬರ್ರಿ ಎಲ್ಲಾರೂ!" ಅಂದೆ.

"ನೀವು ಕೆಮ್ಮಿರಬೇಕು, ಅದಕ್ಕ ನೋಡ್ಯದ," ಅಂದಳು ಹೆಂಡತಿ.

"ಕೆಮ್ಮಿಲ್ಲ, ನಿನ್ನಾಣೆ."

"ಹಂಗಾರ ಉಸುರು ಹಿಡಿರಿ, ನೋಡೋಣ."

ಮನೆಮಂದಿಯೆಲ್ಲ ಉಸಿರು ಬಿಗಿಹಿಡಿದು ನಿಂತರು. ಕದಿರು ಸದ್ದಿಲ್ಲದೆ ಇಳಿಯಿತು, ಏರಿತು. ಅದರ ಹಿಂದೆಯೇ ಆ ಪುಟ್ಟ ಕಪ್ಪು ಕಣ್ಣು.

"ಅಪ್ಪಾ, ಇನ್ನೊಮ್ಮೆ," ಅಂದಳು ಮಗಳು. ಅಳುತ್ತಿದ್ದಳೋ ನಗುತ್ತಿದ್ದಳೋ. ನಾನು ಜೋರಾಗಿ ಎತ್ತಿದ್ದಕ್ಕೆ ನೂಲು ಹರಿದು ಕದಿರು ಉರುಳಿತು. ಹೊಸಿಲವರೆಗೂ ಕೂಸು ಅದನ್ನು ಕಣ್ಣಲ್ಲೇ ಕಳಿಸಿಕೊಟ್ಟಿತು. ಆಮೇಲೆಯೇ ನಾನು ಓಣಿಗೆ ಓಡಿದ್ದು.

ರಾತ್ರಿ ಎಲ್ಲರೂ ಒಂದೇ ಸಾಲಿಗೆ ಕೂತೆವು. ಜೋಳದ ರೊಟ್ಟಿ, ಬದನೆಕಾಯಿ ಪಲ್ಯ, ಶೇಂಗಾ ಚಟ್ನಿ. ಕೂಸು ಮಗಳ ತೊಡೆಯ ಮೇಲೆ. ಯಾರ ಕೈ ತಟ್ಟೆಯಿಂದ ಎದ್ದರೂ ಅದರ ಕಣ್ಣು ಬಾಯಿಯವರೆಗೆ ಹೋಗುತ್ತಿತ್ತು.

"ಹಂಗ್ಯಾಕ ನೋಡ್ತಿಯವ್ವ, ನಿನಗಿನ್ನ ಹಲ್ಲಿಲ್ಲ," ಅಂದಳು ಅಜ್ಜಿ.

ಮಗಳು ನಗುತ್ತ ತಟ್ಟೆ ಮುಂದೆ ಚಾಚಿದಳು. "ನನಗ ಹಲ್ಲು ಅವ, ಅವ್ವ. ಇನ್ನೊಂದು ರೊಟ್ಟಿ ಹಾಕು."